ಕಂಬಾರ ಸಾಲಿ, ಕನ್ನಡ ಸಾಲಿ ಮತ್ತು ಉಕ್ಕಿನ ಹದ



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಇದ್ದಾಗ ಓದಿ, ಆದ್ರೆ ಪೂರ್ತಿ ಓದಿ.

ಮೊನ್ನೆ ನಮ್ಮ ಅಕ್ಕನ ಮಗ ಒಂದು ಫೋಟೋ ಕಳಿಸಿದ. ಐಟಿಐ ಫಿಟ್ಟರ್ ಮುಗಿಸಿ ಬೆಂಗಳೂರಿನ ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡುವ ಒಂದು ಸಣ್ಣ ಕಾರ್ಖಾನೆಗೆ ಸೇರಿದ್ದಾನೆ. ಫೋಟೋದಲ್ಲಿ ಒಂದು ಯಂತ್ರ, ಅದಕ್ಕೆ ಗಡಿಯಾರದಂಥ ಡಯಲ್, ಮುಳ್ಳು 61ರ ಹತ್ತಿರ ನಿಂತಿದೆ. ಕೆಳಗೆ ಬರೆದಿದ್ದ: "ಮಾಮಾ, ಮಾಲ್ ಪಾಸ್ ಆತು. 58ರಿಂದ 62ರ ಒಳಗ ಬರಬೇಕು. ಇಲ್ಲಿ ರೂಮ್ ಹುಡುಕಾಕ ಹೋದ್ರ ಎಲ್ಲಾರೂ ಅಡ್ಡಹೆಸರು ಕೇಳ್ತಾರ. ಈ ಮಷೀನು ಮಾತ್ರ ಏನೂ ಕೇಳೂದಿಲ್ಲ ನೋಡು."

ಅದನ್ನ ಓದಿ ನಾನು ಸುಮಾರು ಹೊತ್ತು ಸುಮ್ಮನೆ ಕೂತೆ. ನಮ್ಮ ಮುತ್ಯಾ ನೆನಪಾದ. ಉಕ್ಕು ಗಟ್ಟಿ ಐತೋ ಮೆತ್ತಗ ಐತೋ ಅಂತ ಪರೀಕ್ಷೆ ಮಾಡೋದನ್ನ ನಾನು ಮೊದಲು ನೋಡಿದ್ದು ಯಂತ್ರದಲ್ಲಲ್ಲ, ಮುತ್ಯಾನ ಹೆಬ್ಬೆರಳಿನ ಉಗುರಿನ ಮೇಲೆ.

ನಮ್ಮದು ರಾಜೂರ. ಈಗ ಗದಗ ಜಿಲ್ಲೆ, ಗಜೇಂದ್ರಗಡ ತಾಲ್ಲೂಕು. ಮೊದಲು ರೋಣ ತಾಲ್ಲೂಕಿನಲ್ಲಿತ್ತು. 1997ರಲ್ಲಿ ಗದಗ ಜಿಲ್ಲೆ ಆಗೋವರೆಗೂ ನಾವೆಲ್ಲಾ ಧಾರವಾಡ ಜಿಲ್ಲೆಯವರೇ. ಈ ಧಾರವಾಡದ ಮಾತು ಮುಂದೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ನಮ್ಮ ಕಡೆ ಮಕ್ಕಳು ಓದೋ ಶಾಲೆಗೂ ಸಾಲಿ ಅಂತೀವಿ, ಕಬ್ಬಿಣ ಕಾಸೋ ಕುಲುಮೆಗೂ ಕಂಬಾರ ಸಾಲಿ ಅಂತೀವಿ. ಎರಡೂ ಸಾಲಿಯಲ್ಲಿ ನಮ್ಮ ಮುತ್ಯಾನ ಜಾಗ ಒಂದೇ ಆಗಿತ್ತು: ಹೊರಗೆ.

ಮುತ್ಯಾ ಕೆರ ಹೊಲೀತಿದ್ದ. ಅವನ ಬದುಕೆಲ್ಲಾ ಎರಡು ಉಕ್ಕಿನ ತುಂಡಿನ ಮೇಲೆ ನಿಂತಿತ್ತು. ಒಂದು ತೊಗಲು ಕೊಯ್ಯೋ ರಂಪಿಗಿ, ಇನ್ನೊಂದು ಚುಚ್ಚೋ ಉಳಿ. ರಂಪಿಗಿ ಬಾಯಿ ಮೊಂಡಾದಾಗ ಕಂಬಾರ ಸಾಲಿಗೆ ಒಯ್ಯಬೇಕು. ಒಕ್ಕಲಿಗರ ಕುಡ, ಕುಂಟಿ, ಕುಡಗೋಲು ಎಲ್ಲಾ ಹಣಿದು ಮುಗಿದ ಮೇಲೆ ನಮ್ಮ ಪಾಳಿ. ಅಲ್ಲೀವರೆಗೂ ಮುತ್ಯಾ ಹೊರಗಿನ ಬೇವಿನ ಗಿಡದ ಬುಡಕ್ಕೆ ಕುಕ್ಕರಗಾಲಲ್ಲಿ ಕೂತಿರೋನು. ನಾನು ಅವನ ಪಕ್ಕ. ರಂಪಿಗಿ ಕೈಗೆ ಕೊಡೋ ಹಂಗಿಲ್ಲ, ನೆಲದ ಮೇಲೆ ಇಡಬೇಕು. ಕಂಬಾರರು ಇಕ್ಕಳದಲ್ಲಿ ಹಿಡಿದು ಎತ್ತಿಕೊಳ್ಳೋರು.

ಒಳಗೆ ಬೆಂಕಿಗೆ ಗಾಳಿ ಊದ್ತಿದ್ದ ತಿದಿ ಇತ್ತಲ್ಲ, ಅದು ತೊಗಲಿಂದು. ಆ ತೊಗಲನ್ನ ಹದ ಮಾಡಿದವರು ನಮ್ಮ ಕೇರಿಯವರು. ತಿದಿ ಹರಿದಾಗ ಅದನ್ನ ಹೊರಗೆ ತಂದು ಹಾಕೋರು, ಮುತ್ಯಾ ಹೊಲಿದು ಕೊಡ್ತಿದ್ದ, ನೀರು ಚಿಮುಕಿಸಿ ಒಳಗೆ ಒಯ್ಯೋರು. ಹೊಲಿದ ತೊಗಲಿಗೆ ಒಳಗೆ ಜಾಗ ಇತ್ತು, ಹೊಲಿದವನಿಗೆ ಇರಲಿಲ್ಲ.

ಒಂದು ದಿನದ್ದು ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ಕಂಬಾರರು ರಂಪಿಗಿಯನ್ನ ಕೆಂಪಗೆ ಕಾಸಿ, ಬಡಿದು ಬಾಯಿ ತೆಳ್ಳಗೆ ಮಾಡಿ, ಮತ್ತೆ ಕಾಸಿ ಬರೀ ಬಾಯಿಯಷ್ಟನ್ನೇ ನೀರಿಗೆ ಅದ್ದಿದರು. ಚೊಂಯ್ ಅಂತು. ಹೊರಗೆ ತೆಗೆದು ಬಾಯಿಯನ್ನ ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದರು. ಹಿಂದಿನ ಭಾಗದಲ್ಲಿ ಉಳಿದಿದ್ದ ಕಾವು ಮೆಲ್ಲಗೆ ಬಾಯಿ ಕಡೆ ಬರ್ತಾ ಇತ್ತು. ಅದರ ಜೊತೆ ಬಣ್ಣನೂ ಓಡ್ತಾ ಬಂತು: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ. ಅಷ್ಟರಲ್ಲಿ ಯಾರೋ ಮಾತಾಡಿಸಿದರು, ಕಂಬಾರರು ಆ ಕಡೆ ತಿರುಗಿದರು. ಹೊರಗಿಂದ ಮುತ್ಯಾ, "ಯಪ್ಪಾ, ಹಳದಿ ದಾಟಿ ಹೋತ ನೋಡ್ರಿ" ಅಂದ.

"ಹೊರಗ ಕುಂತು ನಿನಗೇನ್ ತಿಳೀತೈತಲೇ" ಅಂತ ಗದರಿದರು. ಆದ್ರೆ ರಂಪಿಗಿ ಮತ್ತೆ ಬೆಂಕಿಗೆ ಹೋಯ್ತು. ಅಂದ್ರೆ ಮುತ್ಯಾ ಹೇಳಿದ್ದು ಸರಿ ಇತ್ತು ಅಂತ ಅವರಿಗೂ ಗೊತ್ತಾಗಿತ್ತು.

ಕೆಲಸ ಮುಗಿದ ಮೇಲೆ ಮುತ್ಯಾ ತನ್ನ ಪರೀಕ್ಷೆ ಶುರು ಮಾಡೋನು. ರಂಪಿಗಿ ಬಾಯಿಯನ್ನ ಉಗುರಿನ ಮೇಲೆ ಸುಮ್ಮನೆ ಇಟ್ಟು ಎಳೀತಿದ್ದ. ಜಾರಿದ್ರೆ ಇನ್ನೂ ಮೊಂಡು, ಕಚ್ಚಿದ್ರೆ ಸರಿ. ಆಮೇಲೆ ದಪ್ಪ ಅಟ್ಟೆ ಕೊಯ್ದು ನೋಡೋನು. ಬಾಯಿ ಮಡಚಿಕೊಂಡ್ರೆ "ಮೆತ್ತಗ ಆಗೇತಿ". ಸಣ್ಣ ಸಣ್ಣ ಹಲ್ಲು ಬಿದ್ರೆ "ಪೆಡಸ ಆಗೇತಿ". ಎರಡೂ ಇಲ್ಲ ಅಂದ್ರೆ ಒಂದೇ ಮಾತು: "ಹದ ಬಂತು."

ಈ ಹದ ಅನ್ನೋ ಮಾತನ್ನೇ ನೋಡಿ. ಉಕ್ಕಿಗೂ ಹದ, ತೊಗಲಿಗೂ ಹದ, ಮಳೆ ಬಂದ ಮೇಲಿನ ಭೂಮಿಗೂ ಹದ, ರೊಟ್ಟಿ ಹಿಟ್ಟಿಗೂ ಹದ. ದುಡಿಯೋ ಜನರ ವಿಜ್ಞಾನಕ್ಕೆ ಕನ್ನಡದಲ್ಲಿ ಒಂದೇ ಹೆಸರು ಇಡಬೇಕು ಅಂದ್ರೆ ನಾನು ಇದನ್ನೇ ಇಡ್ತೀನಿ.

ಮುತ್ಯಾ ಕಣ್ಣಲ್ಲಿ ನೋಡ್ತಿದ್ದುದು ಏನು ಅನ್ನೋದು ನನಗೆ ಗೊತ್ತಾಗಿದ್ದು ಬಹಳ ವರ್ಷ ಆದ ಮೇಲೆ, ಪುಸ್ತಕ ಓದಿ. ಸರಳವಾಗಿ ಹೇಳ್ತೀನಿ. ಉಕ್ಕು ಅಂದ್ರೆ ಕಬ್ಬಿಣದೊಳಗೆ ಒಂಚೂರು ಇಂಗಾಲ. ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಇದ್ರೂ ಸಾಕು. ಕೆಂಪಗೆ ಕಾಯ್ದಾಗ ಕಬ್ಬಿಣದ ಕಣಗಳ ಜೋಡಣೆಯೇ ಬದಲಾಗಿ, ಇಂಗಾಲ ಅದರೊಳಗೆ ಕರಗಿ ಎಲ್ಲಾ ಕಡೆ ಹರಡುತ್ತೆ. ಮೆಲ್ಲಗೆ ಆರಲು ಬಿಟ್ರೆ ಇಂಗಾಲ ನಿಧಾನಕ್ಕೆ ಬೇರೆಯಾಗಿ ಪದರು ಪದರಾಗಿ ಕೂರುತ್ತೆ, ಉಕ್ಕು ಮೆತ್ತಗಿರುತ್ತೆ. ಥಟ್ಟನೆ ನೀರಿಗೆ ಅದ್ದಿದ್ರೆ ಇಂಗಾಲಕ್ಕೆ ಹೊರಗೆ ಬರೋಕೆ ಸಮಯವೇ ಸಿಗಲ್ಲ, ಒಳಗೇ ಸಿಕ್ಕಿಕೊಳ್ಳುತ್ತೆ. ಆ ಬಿಗಿತದಿಂದ ಉಕ್ಕು ಗಟ್ಟಿಯಾಗುತ್ತೆ. ಈ ಬಿಗಿದ ರೂಪಕ್ಕೆ ಅಡಾಲ್ಫ್ ಮಾರ್ಟೆನ್ಸ್ ಅನ್ನೋ ಜರ್ಮನ್ ವಿಜ್ಞಾನಿಯ ನೆನಪಿಗೆ ಮಾರ್ಟೆನ್ಸೈಟ್ ಅಂತ ಹೆಸರಿಟ್ಟಿದ್ದಾರೆ. ಆದ್ರೆ ಬರೀ ಗಟ್ಟಿಯಾದ್ರೆ ಪೆಡಸು, ಬಿದ್ರೆ ಒಡೆಯುತ್ತೆ. ಅದಕ್ಕೇ ಎರಡನೇ ಸಲ ಸಣ್ಣಗೆ ಕಾವು ಕೊಡೋದು. ಸುಮಾರು 220–230 ಡಿಗ್ರಿಗೆ ಹಳದಿ, 250ರ ಸುತ್ತ ಕಂದು, 275ರ ಸುತ್ತ ನೇರಳೆ, 300ರ ಹತ್ತಿರ ನೀಲಿ. ಬಣ್ಣ ಮುಂದೆ ಹೋದಷ್ಟೂ ಗಡಸುತನ ಕಡಿಮೆ, ತಾಳಿಕೆ ಜಾಸ್ತಿ. ಥರ್ಮಾಮೀಟರ್ ಇಲ್ಲದೆ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸವನ್ನ ಬೇವಿನ ಗಿಡದ ಬುಡದಲ್ಲಿ ಕೂತೇ ಗುರುತಿಸೋ ಕಣ್ಣು ನಮ್ಮ ಮುತ್ಯಾಂದು.

ಒಂದೇ ಉಕ್ಕಿನ ಪಟ್ಟಿಯನ್ನ ಎರಡು ತುಂಡು ಮಾಡಿ. ಅದರಲ್ಲಿ ಇಂಗಾಲ 0.8 ಪ್ರತಿಶತ ಇದೆ ಅಂತಿಟ್ಟುಕೊಳ್ಳಿ. ಒಂದನ್ನ ಕಾಸಿ ಮೆಲ್ಲಗೆ ಆರಿಸಿ, ಇನ್ನೊಂದನ್ನ ಕಾಸಿ ನೀರಿಗೆ ಅದ್ದಿ. ವಿಕರ್ಸ್ ಅಳತೆಯಲ್ಲಿ ಮೊದಲನೆಯದು ಸುಮಾರು 200 ತೋರಿಸಿದ್ರೆ ಎರಡನೆಯದು ಸುಮಾರು 800 ತೋರಿಸುತ್ತೆ. ನಾಲ್ಕು ಪಟ್ಟು. ತಾಯಿ ಒಂದೇ, ಮೈ ಒಂದೇ. ಬೇರೆಯಾಗಿದ್ದು ಅದನ್ನ ನಡೆಸಿಕೊಂಡ ರೀತಿ ಮಾತ್ರ. ಇಂಗ್ಲಿಷಿನಲ್ಲಿ ಇದಕ್ಕೆ ಟ್ರೀಟ್‌ಮೆಂಟ್ ಅಂತಾರೆ. ಮನುಷ್ಯರನ್ನ ನಡೆಸಿಕೊಳ್ಳೋದಕ್ಕೂ ಅದೇ ಪದ.

ಈಗ ಇತಿಹಾಸಕ್ಕೆ ಬರೋಣ.

ಈ ಹದದ ಜ್ಞಾನ ನಮ್ಮ ನೆಲಕ್ಕೆ ಹೊರಗಿಂದ ಬಂದ ಹೊಸ ವಸ್ತು ಅಲ್ಲ. ಹಳೇ ಧಾರವಾಡ ಜಿಲ್ಲೆಗೇ ಸೇರಿದ್ದ, ಈಗ ಹಾವೇರಿ ಜಿಲ್ಲೆಯಲ್ಲಿರೋ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದರು. ಅಲ್ಲಿ ಸಿಕ್ಕ ಕಬ್ಬಿಣದ ವಸ್ತುಗಳ ಕಾಲ ಸುಮಾರು ಕ್ರಿ.ಪೂ. 1000. ಅಂದ್ರೆ ಮೂರು ಸಾವಿರ ವರ್ಷದ ಹಿಂದೆ ತುಂಗಭದ್ರಾ ದಡದ ಜನ ಕಬ್ಬಿಣ ಬಳಸ್ತಿದ್ದರು.

ನಮ್ಮೂರಿಂದ ಉತ್ತರದ ಕಡೆ ಹೋದ್ರೆ ಬಾದಾಮಿ, ಪಟ್ಟದಕಲ್ಲು, ಐಹೊಳೆ. 6ರಿಂದ 8ನೇ ಶತಮಾನದ ಮರಳುಗಲ್ಲಿನ ಗುಡಿಗಳು. ಪ್ರವಾಸಕ್ಕೆ ಹೋದಾಗ ಗೈಡ್‌ಗಳು ರಾಜರ ಹೆಸರು ಹೇಳ್ತಾರೆ. ನಾನು ಬೇರೆ ಒಂದು ಮಾತು ಕೇಳ್ತೀನಿ: ಆ ಕಲ್ಲನ್ನ ಕಡಿದ ಉಳಿಗಳನ್ನ ಹದ ಮಾಡಿದವರು ಯಾರು? ಯಾಕೆ ಕೇಳ್ತೀನಿ ಅಂದ್ರೆ, 1812ರಲ್ಲಿ ಫ್ರೆಡರಿಕ್ ಮೋಸ್ ಅನ್ನೋನು ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಒಂದು ಸಾಲು ಮಾಡಿದ. ಯಾವುದು ಯಾವುದನ್ನ ಗೀರುತ್ತೆ ಅನ್ನೋದೇ ಅದರ ಲೆಕ್ಕ. ಮರಳುಗಲ್ಲಿನ ಹರಳು ಅಂದ್ರೆ ಕ್ವಾರ್ಟ್ಜ್, ಅದು 7. ಚೆನ್ನಾಗಿ ಗಟ್ಟಿ ಮಾಡಿದ ಉಕ್ಕು ಸುಮಾರು 6.5. ಅಂದ್ರೆ ಕಲ್ಲಿನ ಹರಳೇ ಉಳಿಗಿಂತ ಗಟ್ಟಿ! ಉಳಿ ಕಲ್ಲನ್ನ ಗೀರಿ ಗೆಲ್ಲೋದಿಲ್ಲ, ಹರಳು ಹರಳನ್ನ ಹಿಡಿದಿರೋ ಬೆಸುಗೆಯನ್ನ ಒಡೆದು ಗೆಲ್ಲುತ್ತೆ. ಹಂಗಾಗಿ ಉಳಿ ಮತ್ತೆ ಮತ್ತೆ ಸವೆಯುತ್ತೆ, ಮತ್ತೆ ಮತ್ತೆ ಕುಲುಮೆಗೆ ಹೋಗಬೇಕು. ಕಲ್ಲು ಕಡಿಯೋ ಕಡೆ ಕುಲುಮೆ ಇರಲೇಬೇಕು, ಕುಲುಮೆಗೆ ಇದ್ದಿಲು ಸುಡೋರು ಬೇಕು, ತಿದಿಗೆ ತೊಗಲು ಬೇಕು, ತೊಗಲಿಗೆ ನಮ್ಮವರು ಬೇಕು. ಒಂದು ಗುಡಿಯ ಹಿಂದೆ ಇಷ್ಟು ಕೈ. ಗುಡಿ ಕಟ್ಟಿ ಮುಗಿದ ದಿನದಿಂದ ಇವರಲ್ಲಿ ಎಷ್ಟು ಜನಕ್ಕೆ ಒಳಗೆ ಬಿಟ್ಟರು ಅನ್ನೋದು ನಿಮಗೆಲ್ಲಾ ಗೊತ್ತಿರೋದೇ.

12ನೇ ಶತಮಾನದಲ್ಲಿ ಈ ಕೈಗಳಿಗೆ ಮಾತು ಬಂತು. ಕಬ್ಬಿಣ ಕಾಸಿದವನಿಗೆ ಕಮ್ಮಾರ ಅನ್ನೋ ಹೆಸರು ಬಂದದ್ದು ಕೆಲಸದಿಂದಲೇ ಹೊರತು ಹುಟ್ಟಿನಿಂದ ಅಲ್ಲ ಅಂತ ಬಸವಣ್ಣ ವಾದ ಮಾಡಿದರು. ಮೆಟ್ಟು ಹೊಲಿಯೋ ಉಳಿಯ ಮೊನೆಯನ್ನ ಮಾದಾರ ಧೂಳಯ್ಯ ವಚನದೊಳಕ್ಕೆ ತಂದರು. ಉಳಿಯ ಮೊನೆಗೆ ಹದ ಇಲ್ಲದಿದ್ರೆ ಅದು ಅಟ್ಟೆಯಲ್ಲಿ ಮುರಿಯುತ್ತೆ ಅನ್ನೋದು ಅವರಿಗೆ ಓದಿ ತಿಳಿದದ್ದಲ್ಲ.

ಇನ್ನು ಉಕ್ಕಿನ ಕಥೆ. ಜಗತ್ತೆಲ್ಲಾ 'ವೂಟ್ಜ್' ಅಂತ ಕರೆಯೋ ಉಕ್ಕಿಗೆ ಆ ಹೆಸರು ಬಂದದ್ದು ನಮ್ಮ ಕನ್ನಡದ 'ಉಕ್ಕು' ಪದದಿಂದ ಅಂತ ಹೆಚ್ಚಿನ ವಿದ್ವಾಂಸರು ಹೇಳ್ತಾರೆ. ದಕ್ಷಿಣ ಭಾರತದಿಂದ ಈ ಉಕ್ಕು ಪಶ್ಚಿಮ ಏಷ್ಯಾಕ್ಕೆ ಹೋಗಿ, ಮೈಮೇಲೆ ನೀರಿನ ಅಲೆಯಂಥ ಗೆರೆ ಇರೋ ಡಮಾಸ್ಕಸ್ ಕತ್ತಿ ಆಗ್ತಿತ್ತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಇಂಥ ಉಕ್ಕು ಮಾಡ್ತಿದ್ದ ಮೂಸೆಗಳ ಚೂರುಗಳು ಸಿಕ್ಕಿವೆ. ಟಿಪ್ಪು ಹುತಾತ್ಮನಾದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಮೈಸೂರು ಸೀಮೆಯ ಲೆಕ್ಕಪತ್ರ ಬರೆಯೋಕೆ ಕಳಿಸಿತು. ಮಧುಗಿರಿ ಕಡೆ ಉಕ್ಕು ಮಾಡೋದನ್ನ ಅವನು ಬರೆದಿಟ್ಟಿದ್ದಾನೆ. ಮಣ್ಣಿನ ಸಣ್ಣ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ಆವರಿಕೆ ಗಿಡದ ಕಡ್ಡಿ, ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ ಬೆಂಕಿಯಲ್ಲಿಡೋದು. ಒಳಗಿನ ಕಡ್ಡಿ, ಎಲೆ ಸುಟ್ಟು ಇಂಗಾಲ ಆಗಿ ಕಬ್ಬಿಣದೊಳಗೆ ಇಳಿಯುತ್ತೆ. ಮೆತ್ತಗಿನ ಕಬ್ಬಿಣ ಉಕ್ಕಾಗಿ ಹೊರಗೆ ಬರುತ್ತೆ.

ಆವರಿಕೆ ಅಂದ್ರೆ ಹಳದಿ ಹೂವಿನ ಗಿಡ, ಕೆಲವು ಕಡೆ ತಂಗಡಿ ಅಂತಾರೆ. ದಾರಿ ಬದಿ, ಬೀಳು ಹೊಲದಲ್ಲಿ ತಾನಾಗೇ ಬೆಳೆಯುತ್ತೆ. ಈ ಗಿಡದ ತೊಗಟೆ ಇನ್ಯಾವ ಕೆಲಸಕ್ಕೆ ಬರುತ್ತೆ ಗೊತ್ತಾ? ತೊಗಲು ಹದ ಮಾಡೋಕೆ. ಇಂಗ್ಲಿಷಿನಲ್ಲಿ ಅದರ ಹೆಸರಲ್ಲೇ ತೊಗಲು ಹದ ಮಾಡೋರ ಗುರುತಿದೆ, 'ಟ್ಯಾನರ್ಸ್ ಕ್ಯಾಸಿಯಾ' ಅಂತಾರೆ. ಅದೇ ಗಿಡದ ಕಡ್ಡಿ ಉಕ್ಕಿಗೆ, ಅದೇ ಗಿಡದ ತೊಗಟೆ ತೊಗಲಿಗೆ. ಒಂದು ಗಿಡ ಎರಡು ವಿದ್ಯೆ ಸಾಕಿತು. ಗಿಡಕ್ಕೆ ಮೈಲಿಗೆ ಆಗಲಿಲ್ಲ.

ಬುಕಾನನ್‌ಗಿಂತ ಮೊದಲೇ, 1794ರಲ್ಲಿ, ಮುಂಬೈಯಲ್ಲಿದ್ದ ಹೆಲೆನಸ್ ಸ್ಕಾಟ್ ಅನ್ನೋ ವೈದ್ಯ ಉಕ್ಕಿನ ಮಾದರಿಗಳನ್ನ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ್ದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಯೋಗ ಮಾಡಿ ಪ್ರಬಂಧ ಬರೆದ. 'ವೂಟ್ಜ್' ಅನ್ನೋ ಪದ ಯುರೋಪಿನ ವಿಜ್ಞಾನದೊಳಕ್ಕೆ ಹೋಗಿದ್ದು ಹಿಂಗೆ. ಉಕ್ಕು ಹಡಗು ಹತ್ತಿತು, ಪದವೂ ಹತ್ತಿತು. ಮಾಡಿದವರ ಹೆಸರು ಮಾತ್ರ ದಡದಲ್ಲೇ ಉಳೀತು.

1818ರ ಸುಮಾರಿಗೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಒಬ್ಬ ಹುಡುಗ ಈ ಉಕ್ಕಿನ ಗುಟ್ಟು ಹುಡುಕೋಕೆ ಕೂತ. ಅವನ ಜೊತೆ ಜೇಮ್ಸ್ ಸ್ಟೊಡಾರ್ಟ್ ಅನ್ನೋ ಚಾಕು-ಕತ್ತರಿ ಮಾಡೋ ಕುಶಲಕರ್ಮಿ. ಹುಡುಗನ ಹೆಸರು ಮೈಕೆಲ್ ಫ್ಯಾರಡೆ. ಹೌದು, ಮುಂದೆ ವಿದ್ಯುತ್ತಿನ ಪಿತಾಮಹ ಆದ ಅದೇ ಫ್ಯಾರಡೆ. ಅವನ ಅಪ್ಪ ಯಾರು ಗೊತ್ತೇನು? ಕಂಬಾರ. ಬಡ ಕಂಬಾರನ ಮಗ. ಸಾಲಿ ಓದಿದ್ದು ಅಷ್ಟಕ್ಕಷ್ಟೇ, 14ನೇ ವಯಸ್ಸಿಗೆ ಪುಸ್ತಕ ಬೈಂಡ್ ಮಾಡೋ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಬೈಂಡಿಂಗಿಗೆ ಬಂದ ಪುಸ್ತಕ ಓದ್ತಾ ಓದ್ತಾ ವಿಜ್ಞಾನ ಕಲಿತ. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ಟಿಪ್ಪಣಿ ಬರೆದು, ಅದನ್ನ ಬೈಂಡ್ ಮಾಡಿ ಡೇವಿಗೇ ಕಳಿಸಿದ. 1813ರಲ್ಲಿ ಪ್ರಯೋಗಾಲಯದ ಸಹಾಯಕ ಆದ.

ಇಂಗ್ಲೆಂಡೇನು ಸಮಾನತೆಯ ಸ್ವರ್ಗ ಆಗಿರಲಿಲ್ಲ. ಡೇವಿಯ ಹೆಂಡತಿ ಯುರೋಪ್ ಪ್ರವಾಸದಲ್ಲಿ ಫ್ಯಾರಡೆಯನ್ನ ಆಳಿನ ಹಾಗೆ ನಡೆಸಿಕೊಂಡಳು. ಅಲ್ಲೂ ವರ್ಗ ಇತ್ತು, ಅವಮಾನ ಇತ್ತು. ಆದ್ರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕಂಬಾರನ ಮಗ ಒಳಗೆ ಕಾಲಿಟ್ಟ, ನಮ್ಮ ನೆಲದ ಉಕ್ಕನ್ನ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿದ. ಅದರ ಗುಣಕ್ಕೆ ಅಲ್ಯುಮಿನಿಯಂ ಕಾರಣ ಅಂದುಕೊಂಡ. ಅದು ತಪ್ಪಾಗಿತ್ತು. ಪರವಾಗಿಲ್ಲ. ತಪ್ಪು ಮಾಡೋ ಅವಕಾಶನೂ ಒಳಗೆ ಹೋದವನಿಗೇ ಸಿಗೋದು.

ಈಗ ಧಾರವಾಡಕ್ಕೆ ಬರೋಣ.

1856ರ ಜೂನ್. ಧಾರವಾಡದ ಸರ್ಕಾರಿ ಸಾಲಿಗೆ ಸೇರಿಸಿಕೊಳ್ಳಿ ಅಂತ ಒಬ್ಬ ಹುಡುಗ ಕೇಳಿದ. ದಾಖಲೆಯಲ್ಲಿ ಅವನ ಜಾತಿ 'ಮಹಾರ್' ಅಂತಿದೆ. ಸೇರಿಸಿಕೊಳ್ಳಲಿಲ್ಲ. ಹುಡುಗ ಅಷ್ಟಕ್ಕೇ ಬಿಡಲಿಲ್ಲ, ಫೀ ಕೊಡ್ತೀನಿ, ಆದ್ರೂ ಬಿಡ್ತಾ ಇಲ್ಲ ಅಂತ ಮುಂಬೈ ಸರ್ಕಾರಕ್ಕೆ ಅರ್ಜಿ ಹಾಕಿದ. ಸರ್ಕಾರ ಏನಂತು? ನ್ಯಾಯ ಹುಡುಗನ ಕಡೆಗಿದೆ ಅನ್ನೋದನ್ನ ಒಪ್ಪಿಕೊಳ್ತು. ಒಪ್ಪಿಕೊಂಡು, ಆದರೆ ಒಬ್ಬ ಇಬ್ಬರ ಸಲುವಾಗಿ ಬಹುಕಾಲದ ಪೂರ್ವಗ್ರಹಕ್ಕೆ ಕೈ ಹಾಕಿದ್ರೆ ಶಿಕ್ಷಣದ ಕೆಲಸಕ್ಕೇ ಧಕ್ಕೆ ಆಗುತ್ತೆ ಅಂತ ಕೈ ತೊಳೆದುಕೊಳ್ತು. ಈ ತೀರ್ಮಾನಕ್ಕೆ ಮೇಲಿನವರ ಆಕ್ಷೇಪ ಬಂತು. ಕೊನೆಗೆ 1858ರಲ್ಲಿ, ಪೂರ್ತಿ ಸರ್ಕಾರದ ಖರ್ಚಲ್ಲಿ ನಡೆಯೋ ಸಾಲಿಗಳು ಎಲ್ಲಾ ವರ್ಗದವರಿಗೂ ತೆರೆದಿರಬೇಕು ಅಂತ ಘೋಷಣೆ ಆಯ್ತು. ಕಾಗದದಲ್ಲಿ. ಊರಲ್ಲಿ ಅಲ್ಲ. ಈ ಪ್ರಕರಣವನ್ನ ಬಾಬಾಸಾಹೇಬರು 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಎತ್ತಿ ಹಿಡಿದರು. ಅದಕ್ಕೇ ಇವತ್ತು ನಮಗೆ ಗೊತ್ತು.

ಅದೇ 1856ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನಲ್ಲಿ ಹೆನ್ರಿ ಬೆಸೆಮರ್ ತನ್ನ ಹೊಸ ವಿಧಾನವನ್ನ ವಿಜ್ಞಾನಿಗಳ ಸಭೆಯಲ್ಲಿ ಹೇಳಿದ. ಕರಗಿದ ಕಬ್ಬಿಣದೊಳಕ್ಕೆ ಗಾಳಿ ಊದಿ ಅಗ್ಗದ ಉಕ್ಕು ಮಾಡೋ ವಿಧಾನ. ಜಗತ್ತಿನ ಉಕ್ಕಿನ ಯುಗ ಅಲ್ಲಿಂದ ಶುರು. ಜೂನ್‌ನಲ್ಲಿ ಧಾರವಾಡದ ಸಾಲಿಯಿಂದ ನಮ್ಮ ಹುಡುಗನನ್ನ ಹೊರಗೆ ನಿಲ್ಲಿಸಿದರು, ಆಗಸ್ಟ್‌ನಲ್ಲಿ ಅಲ್ಲಿ ಹೊಸ ಉಕ್ಕು ಹರೀತು. ಈ ಎರಡು ತಾರೀಕನ್ನ ಪಕ್ಕ ಪಕ್ಕ ಇಟ್ಟು ಯಾವ ಪಠ್ಯಪುಸ್ತಕವೂ ನನಗೆ ಪಾಠ ಮಾಡಲಿಲ್ಲ.

ಆಮೇಲೆ ಆಗಿದ್ದು ಗೊತ್ತಿರೋದೇ. ಕಾರ್ಖಾನೆಯ ಅಗ್ಗದ ಉಕ್ಕು ರೈಲಿನಲ್ಲಿ ಊರೂರಿಗೆ ಬಂತು. 1878ರ ಅರಣ್ಯ ಕಾಯ್ದೆ ಇದ್ದಿಲಿನ ದಾರಿಗೆ ಇನ್ನಷ್ಟು ಅಡ್ಡ ಬಂತು. ಮೂಸೆಗಳು ತಣ್ಣಗಾದವು. ಅವುಗಳ ಜೊತೆ ವಿದ್ಯೆನೂ ಆರಿಹೋಯ್ತು.

ಉಕ್ಕು ಹೆಚ್ಚಾದ ಮೇಲೆ ಅಳತೆ ಬೇಕಾಯ್ತು. ಸ್ವೀಡನ್ನಿನ ಫಾಗರ್‌ಸ್ಟಾ ಕಾರ್ಖಾನೆಯ ಎಂಜಿನಿಯರ್ ಜೋಹಾನ್ ಆಗಸ್ಟ್ ಬ್ರಿನೆಲ್ 1900ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ತನ್ನ ವಿಧಾನ ತೋರಿಸಿದ. 10 ಮಿಲಿಮೀಟರ್‌ನ ಗಟ್ಟಿ ಗುಂಡನ್ನ 3000 ಕಿಲೋ ಭಾರದಿಂದ ಲೋಹಕ್ಕೆ ಒತ್ತೋದು, ಬಿದ್ದ ತಗ್ಗು ಎಷ್ಟು ಅಗಲ ಇದೆ ಅಂತ ಅಳೆಯೋದು. ತಗ್ಗು ಸಣ್ಣದಾದಷ್ಟೂ ಲೋಹ ಗಟ್ಟಿ. ಅಮೆರಿಕದಲ್ಲಿ ಬೇರಿಂಗ್ ಕಾರ್ಖಾನೆಯಲ್ಲಿದ್ದ ಹ್ಯೂ ರಾಕ್‌ವೆಲ್, ಸ್ಟಾನ್ಲಿ ರಾಕ್‌ವೆಲ್ ಅನ್ನೋ ಇಬ್ಬರು, ಕಾಸಿ ಅದ್ದಿದ ಮೇಲೆ ಉಕ್ಕಿನ ಹದ ಸರಿ ಬಂತೋ ಇಲ್ಲೋ ಅಂತ ಬೇಗ ನೋಡೋಕೆ ಇನ್ನೊಂದು ಯಂತ್ರ ಮಾಡಿ 1914ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ವಜ್ರದ ಮೊನೆ ಎಷ್ಟು ಆಳಕ್ಕೆ ಇಳೀತು ಅನ್ನೋದನ್ನ ಡಯಲ್ಲೇ ಹೇಳುತ್ತೆ. ನಮ್ಮ ಹುಡುಗ ಫೋಟೋ ಕಳಿಸಿದ್ದು ಇದೇ ಯಂತ್ರದ್ದು.

ಮುತ್ಯಾನ ಉಗುರು, ಕಂಬಾರರ ಅರ, ಬ್ರಿನೆಲ್ಲನ ಗುಂಡು, ರಾಕ್‌ವೆಲ್ಲರ ವಜ್ರ ಎಲ್ಲಾ ಕೇಳೋ ಪ್ರಶ್ನೆ ಒಂದೇ: ನೀನು ಎಷ್ಟಕ್ಕೆ ಮಣೀತೀಯ? ವ್ಯತ್ಯಾಸ ಎಲ್ಲಿದೆ ಅಂದ್ರೆ, ಉಗುರಿನ ಜ್ಞಾನ ಮನುಷ್ಯನ ಜೊತೆ ಮಣ್ಣಾಗುತ್ತೆ. ನಂಬರ್ ಕಾಗದಕ್ಕೆ ಇಳಿಯುತ್ತೆ, ಊರಿಂದ ಊರಿಗೆ ಹೋಗುತ್ತೆ, ಯಾರು ಬೇಕಾದ್ರೂ ತಿರುಗಿ ಪರೀಕ್ಷೆ ಮಾಡಬಹುದು. ಆದ್ರೆ ನಂಬರ್ ಬರೆಯೋಕೆ ಅಕ್ಷರ ಬೇಕು, ಅಕ್ಷರಕ್ಕೆ ಕನ್ನಡ ಸಾಲಿ ಬೇಕು. ಅಲ್ಲೇ ನಮ್ಮನ್ನ ತಡೆದದ್ದು.

ಇಲ್ಲಿ ಕೆಲವರು ಒಂದು ವಾದ ತರ್ತಾರೆ. "ಜಾತಿಯಿಂದಲೇ ಕುಲಕಸುಬು ಉಳೀತು, ಅಪ್ಪನಿಂದ ಮಗನಿಗೆ ವಿದ್ಯೆ ಬಂತು, ಇಲ್ಲದಿದ್ರೆ ಇಂಥ ಉಕ್ಕು ಎಲ್ಲಿ ಆಗ್ತಿತ್ತು" ಅಂತ. ಎಲ್ಲಿ ಉಳೀತು ಸ್ವಾಮಿ? ಉಳಿದಿದ್ರೆ ಯಾಕೆ ಹುಡುಕಬೇಕಿತ್ತು? ಕಬ್ಬಿಣ ತೆಗೆದವನ ವಿದ್ಯೆ ಒಂದು ಕೇರಿಯಲ್ಲಿ, ಕಾಸಿದವನದ್ದು ಇನ್ನೊಂದರಲ್ಲಿ, ತೊಗಲಿನದ್ದು ಊರ ಹೊರಗೆ, ಅಕ್ಷರ ಅಗ್ರಹಾರದಲ್ಲಿ. ನಾಲ್ಕೂ ಒಂದು ಜಗಲಿ ಮೇಲೆ ಕೂತು ಮಾತಾಡೋ ಹಂಗಿರಲಿಲ್ಲ. 1936ರಲ್ಲಿ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಹೇಳಿದ ಮುಖ್ಯ ಮಾತು ಇದೇ: ಜಾತಿ ಕೆಲಸ ಹಂಚೋದಷ್ಟೇ ಅಲ್ಲ, ಕೆಲಸಗಾರರನ್ನೇ ಒಬ್ಬರಿಂದ ಒಬ್ಬರನ್ನ ಬೇರೆ ಮಾಡಿ ಮೇಲು ಕೀಳು ಅಂತ ಜೋಡಿಸಿಡುತ್ತೆ. ಕಂಬಾರರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನೂ ಮೇಲಿನವರು ಅಂತರದಲ್ಲೇ ಇಟ್ಟಿದ್ದರು. ಆದ್ರೆ ತಮಗಿಂತ ಕೆಳಗೆ ಒಬ್ಬ ಬೇವಿನ ಗಿಡದ ಬುಡದಲ್ಲಿ ಕೂತಿದ್ದಾನೆ ಅನ್ನೋದೇ ಅವರಿಗೆ ಸಮಾಧಾನ. ಏಣಿಯ ಮೆಟ್ಟಿಲಿನಂಥ ಈ ಅಸಮಾನತೆ ಕೆಲಸ ಮಾಡೋದೇ ಹಿಂಗೆ.

ಕಳೆದುಹೋದ ಆ ಉಕ್ಕನ್ನ ತಿರುಗಿ ಮಾಡೋಕೆ 20ನೇ ಶತಮಾನದಲ್ಲಿ ವಿಜ್ಞಾನಿಗಳು ವರ್ಷಗಟ್ಟಲೆ ಒದ್ದಾಡಿದರು. ಅದರಲ್ಲಿ ಮುಖ್ಯವಾಗಿ ಗೆದ್ದ ಜೋಡಿ ಅಮೆರಿಕದ ಜಾನ್ ವರ್ಹೋವನ್ ಮತ್ತು ಆಲ್ಫ್ರೆಡ್ ಪೆಂಡ್ರೆ. ಒಬ್ಬ ಪ್ರೊಫೆಸರ್, ಇನ್ನೊಬ್ಬ ಕಂಬಾರ. 1998ರ ಪ್ರಬಂಧದಲ್ಲಿ ಇಬ್ಬರ ಹೆಸರೂ ಜೊತೆಗಿವೆ. ಅವರು ಕಂಡುಕೊಂಡದ್ದೇನು ಅಂದ್ರೆ, ಅದಿರಿನ ಜೊತೆ ಬರೋ ವನೇಡಿಯಂನಂಥ ಕಲ್ಮಶ ಒಂದು ಕಣದಷ್ಟಾದರೂ ಇಲ್ಲದಿದ್ರೆ ಆ ಕತ್ತಿಯ ಅಲೆಗೆರೆ ಮೂಡೋದೇ ಇಲ್ಲ. ಶುದ್ಧ ಶುದ್ಧ ಅಂತ ಬಡಿದಾಡೋರು ಇದನ್ನ ಎರಡು ಸಲ ಓದಬೇಕು. ಜಗತ್ತು ಬೆರಗಾದ ಆ ಚೆಲುವು ಕಲ್ಮಶದಿಂದ ಬಂತು. ಗುಟ್ಟು ಹೊರಬಿದ್ದಿದ್ದು ಓದಿದವನೂ ಬಡಿದವನೂ ಒಂದೇ ಕುಲುಮೆಯ ಮುಂದೆ ನಿಂತಾಗ.

ಕೊನೆಗೆ ಒಂದು ಎಚ್ಚರಿಕೆ ಮಾತು. ಇದನ್ನ ಓದಿ ಯಾರೋ ಜಾಣರು ಹೇಳಬಹುದು: "ಇಂಗಾಲ ಇಲ್ಲದ ಕಬ್ಬಿಣವನ್ನ ಎಷ್ಟು ಕಾಸಿ ಅದ್ದಿದ್ರೂ ಗಟ್ಟಿ ಆಗಲ್ಲ. ಹುಟ್ಟುಗುಣ ಅಂತ ಒಂದಿರುತ್ತೆ." ಮೊದಲ ಅರ್ಧ ನಿಜ. ಎರಡನೆಯದು ಸುಳ್ಳು. ನಮ್ಮ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗ್ತಾವಲ್ಲ, ಅಂಥ ಯಂತ್ರಗಳ ಗೇರುಗಳನ್ನ ಸಾಮಾನ್ಯವಾಗಿ ಹೆಂಗೆ ಗಟ್ಟಿ ಮಾಡ್ತಾರೆ ನೋಡಿ. 0.2 ಪ್ರತಿಶತದಷ್ಟೇ ಇಂಗಾಲ ಇರೋ ಮೆತ್ತಗಿನ ಉಕ್ಕನ್ನ ತಗೊಂಡು, 900 ಡಿಗ್ರಿ ದಾಟಿದ ಕಾವಿನಲ್ಲಿ, ಇಂಗಾಲ ತುಂಬಿದ ಗಾಳಿಯೊಳಗೆ ತಾಸುಗಟ್ಟಲೆ ಇಡ್ತಾರೆ. ಇಂಗಾಲ ಮೈಯೊಳಗೆ ಇಳಿದು ಮೇಲ್ಮೈಯಲ್ಲಿ 0.8ರವರೆಗೆ ಆಗುತ್ತೆ. ಆಮೇಲೆ ಅದ್ದಿದ್ರೆ ಮೇಲೆ ರಾಕ್‌ವೆಲ್ 60ರಷ್ಟು ಗಟ್ಟಿ, ಒಳಗೆ ಪೆಟ್ಟು ತಾಳೋ ಮೆದು. ಮಧುಗಿರಿಯ ಮೂಸೆಯಲ್ಲಿ ಆವರಿಕೆ ಕಡ್ಡಿ ಮಾಡಿದ್ದೂ ಇಂಥ ಕೆಲಸವನ್ನೇ. ಇಂಗಾಲ ಹುಟ್ಟಿನಿಂದ ಬಂದದ್ದಲ್ಲ. ಒಳಗೆ ಬಿಟ್ಟಿದ್ದರಿಂದ, ಕಾವು ಕೊಟ್ಟಿದ್ದರಿಂದ, ಸಮಯ ಕೊಟ್ಟಿದ್ದರಿಂದ ಬಂದದ್ದು. ಧಾರವಾಡದ ಹುಡುಗ ಕೇಳಿದ್ದೂ ಅಷ್ಟೇ: ಒಳಗೆ ಬಿಡಿ ಅಂತ. ಮೀಸಲಾತಿ, ಹಾಸ್ಟೆಲ್, ಸ್ಕಾಲರ್‌ಶಿಪ್ ಅಂತ ನಾವು ಕೇಳೋದೂ ಅದನ್ನೇ.

ಇನ್ನೂ ಒಂದು. ಮನುಷ್ಯ ಕಬ್ಬಿಣ ಅಲ್ಲ. ಗಟ್ಟಿ ಇದ್ದಾನೋ ಇಲ್ಲೋ ಅಂತ ಮೊದಲು ಪರೀಕ್ಷೆ ಮಾಡಿ ಆಮೇಲೆ ಮರ್ಯಾದೆ ಕೊಡೋದಲ್ಲ. ನಮ್ಮ ಜನ ಸಾವಿರಾರು ವರ್ಷ ಪೆಟ್ಟು ತಿಂದು ಗಟ್ಟಿಯಾಗಿದ್ದಾರೆ ಅಂತ ಯಾರಾದ್ರೂ ಹೊಗಳಿದ್ರೆ ನನಗೆ ಖುಷಿ ಆಗಲ್ಲ. ಪೆಟ್ಟು ನಿಲ್ಲಿಸಿ ಅಂತಷ್ಟೇ ಕೇಳ್ತೀನಿ.

ನಿಮ್ಮ ಹತ್ತಿರ ಒಂದು ಬೇಡಿಕೆ. ನಿಮ್ಮ ಮನೆಯ ಹಿರಿಯರು ಇನ್ನೂ ಇದ್ದರೆ ಹೋಗಿ ಕೂತು ಮಾತಾಡಿಸಿ. ಯಾವ ಉಪಕರಣಕ್ಕೆ ಏನು ಹೆಸರು, ಹದ ಹೆಂಗೆ ನೋಡ್ತಿದ್ದರು, ತೊಗಲಿಗೆ ಯಾವ ತೊಗಟೆ, ಎಷ್ಟು ದಿನ ಅಂತ ಕೇಳಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಬರೆದಿಡಿ. ಕುಲಕಸುಬಿಗೆ ವಾಪಸ್ ಹೋಗೋಕಲ್ಲ, ಯಾರೂ ಹೋಗೋದು ಬೇಡ. ಗೊತ್ತಿದ್ದವರ ಹೆಸರು ಈ ಸಲನಾದ್ರೂ ದಡದಲ್ಲಿ ಉಳಿಯಬಾರದು ಅಂತ.

ಮುತ್ಯಾನ ರಂಪಿಗಿ ಇನ್ನೂ ನಮ್ಮ ಮನೆಯ ಜಂತಿಯಲ್ಲಿ ಸಿಕ್ಕಿಸಿದಂಗೇ ಇದೆ. ಹುಡುಗ ಕೇಳಿದ್ದಾನೆ: "ಮಾಮಾ, ದೀಪಾವಳಿಗೆ ಬಂದಾಗ ಒಯ್ತೀನಿ, ಮಷೀನಿನ್ಯಾಗ ಇಟ್ಟು ನೋಡೂಣು." ಬಾ ಅಂದಿದ್ದೀನಿ. ನಂಬರ್ ಎಷ್ಟೇ ಬರಲಿ, ಅದರ ಪಕ್ಕ ಪರೀಕ್ಷೆ ಮಾಡಿದವರು ಅನ್ನೋ ಜಾಗದಲ್ಲಿ ನಿನ್ನ ಹೆಸರು ಬರಿ, ನಿನ್ನ ಹೆಸರಿನ ಮೇಲೆ ಮುತ್ಯಾನ ಹೆಸರು ಬರಿ ಅಂತನೂ ಹೇಳಿದ್ದೀನಿ.

ಜೈಭೀಮ್.